ಹವ್ಯಾಸಿ ಸಂಗೀತಗಾರನಿಗೂ ಒಂದು ಗಡುವು ಬೇಕು

ಸಂಗೀತವನ್ನು ಜೀವನೋಪಾಯಕ್ಕಾಗಿ ಅಲ್ಲದೆ ಕೇವಲ ಮನಸ್ಸಂತೋಷಕ್ಕಾಗಿ ಅಭ್ಯಾಸಮಾಡುವವರು ನಮ್ಮ ನಾಡಿನಲ್ಲಿ ಕಡಮೆಯೇನೂ ಇಲ್ಲ. ಬ್ಯಾಂಕಿನ ನೌಕರರು, ಶಾಲೆಯ ಉಪಾಧ್ಯಾಯಿನಿಯರು, ವೈದ್ಯರು, ಎಂಜಿನಿಯರುಗಳು, ಕಾಲೇಜು ವಿದ್ಯಾರ್ಥಿಗಳು, ಇವರಲ್ಲಿ ಅನೇಕರ ಮನೆಯ ಮೂಲೆಯಲ್ಲಿ ಒಂದು ವೀಣೆಯೋ ಪಿಟೀಲೋ ಕೊಳಲೋ ಗಿಟಾರೋ ಇದ್ದೇ ಇರುತ್ತದೆ. ಅಂಥವರನ್ನು ಕಂಡು, “ಅಭ್ಯಾಸ ಹೇಗೆ ಸಾಗಿದೆ?” ಎಂದು ವಿಚಾರಿಸಿದರೆ ಬರುವ ಉತ್ತರವೂ ಬಹುಮಟ್ಟಿಗೆ ಒಂದೇ: “ಸಾಗಿದೆ, ಇನ್ನೂ ಸ್ವಲ್ಪ ಪಕ್ವವಾಗಬೇಕು.” ಐದು ವರ್ಷ ಬಿಟ್ಟು ಕೇಳಿದರೂ ಅದೇ ಉತ್ತರ, ಹತ್ತು ವರ್ಷ ಬಿಟ್ಟು ಕೇಳಿದರೂ ಅದೇ. ಇದನ್ನು ಪರಿಹಾಸ್ಯಕ್ಕಾಗಿ ಹೇಳುತ್ತಿಲ್ಲ. ನಾವೂ ಆ ಪಂಗಡಕ್ಕೇ ಸೇರಿದವರು. ಹಗಲು ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರು. ಸಂಜೆ ಪಿಟೀಲಿನ ವಿದ್ಯಾರ್ಥಿ.

ಈ ಪಕ್ವತೆ ಏಕೆ ಬರಲೊಲ್ಲದು? ಪ್ರತಿಭೆ ಸಾಲದು ಎನ್ನುವವರುಂಟು. ಬಿಡುವು ಸಾಲದು ಎನ್ನುವವರುಂಟು. ಎರಡರಲ್ಲಿಯೂ ಸತ್ಯಾಂಶ ಇಲ್ಲದಿಲ್ಲ. ಆದರೆ ನಮ್ಮ ಅನುಭವವನ್ನೂ ನಮ್ಮಂಥ ಕೆಲವು ಮಂದಿಯ ಅನುಭವವನ್ನೂ ಕೂಡಿಸಿ ನೋಡಿದಾಗ ಮೂರನೆಯ ಕಾರಣವೊಂದು ಎದ್ದು ಕಾಣುತ್ತದೆ. ಇಂಥ ತಿಂಗಳ ಇಂಥ ದಿನ, ಇಷ್ಟು ಗಂಟೆಗೆ, ಇಂಥವರ ಎದುರಿಗೆ, ಈ ಕೃತಿಯನ್ನು ಮೊದಲಿನಿಂದ ಕೊನೆಯವರೆಗೆ ಹಾಡಿ ಮುಗಿಸಬೇಕು ಎಂಬ ಕಟ್ಟುಪಾಡು ಹವ್ಯಾಸಿಗೆ ಇರುವುದಿಲ್ಲ. ವೃತ್ತಿಗಾಯಕನಿಗೆ ಕಛೇರಿಯ ದಿನ ಗೊತ್ತಾಗಿರುತ್ತದೆ. ಪರೀಕ್ಷೆಗೆ ಕಟ್ಟಿದ ಹುಡುಗನಿಗೆ ಪರೀಕ್ಷೆಯ ದಿನ ಗೊತ್ತಾಗಿರುತ್ತದೆ. ಹವ್ಯಾಸಿಗೆ ಮಾತ್ರ ಕಾಲವು ಅನಂತ. ಆ ಆನಂತ್ಯವೇ ಅವನಿಗೆ ಶತ್ರು ಎಂಬುದು ನಮ್ಮ ವಾದ.

ಗಡುವೆಂದರೆ ಸೋಮಾರಿಯನ್ನು ಎಬ್ಬಿಸುವ ಚಾವಟಿ ಎಂದು ಸಾಮಾನ್ಯವಾಗಿ ತಿಳಿಯುತ್ತಾರೆ. ಒಂದು ಕೆಲಸಕ್ಕೆ ಎಷ್ಟು ಕಾಲ ಕೊಟ್ಟರೂ ಅದು ಅಷ್ಟನ್ನೂ ತುಂಬಿಕೊಳ್ಳುವಂತೆ ಹಿಗ್ಗುತ್ತದೆ ಎಂದು ಇಂಗ್ಲೆಂಡಿನ ಪಾರ್ಕಿನ್ಸನ್ ಎಂಬ ಲೇಖಕ 1955ರಲ್ಲಿ ವಿನೋದವಾಗಿ ಬರೆದದ್ದು ಪ್ರಸಿದ್ಧವಾಗಿದೆ. ಆದರೆ ಇಲ್ಲಿ ಸೋಮಾರಿತನದ ಮಾತು ಮುಖ್ಯವಲ್ಲ. ದಿನವೂ ತಪ್ಪದೆ ಅರ್ಧ ಗಂಟೆ ಕುಳಿತು ಸಾಧಕಮಾಡುವ ಶ್ರದ್ಧಾವಂತ ಹವ್ಯಾಸಿಯೂ ನಿಂತಲ್ಲಿಯೇ ನಿಂತಿರುತ್ತಾನೆ. ಏಕೆಂಬುದನ್ನು ತಿಳಿಯಲು ಸ್ವಲ್ಪ ಗಣಿತ ಸಾಕು.

ಆದಿತಾಳದ ಒಂದು ವರ್ಣವನ್ನು ತೆಗೆದುಕೊಳ್ಳೋಣ. ಪಲ್ಲವಿ, ಅನುಪಲ್ಲವಿ, ಮುಕ್ತಾಯಿಸ್ವರ, ಚರಣ, ಆಮೇಲೆ ನಾಲ್ಕು ಎತ್ತುಗಡೆ ಸ್ವರಗಳು. ಒಟ್ಟು ಎಂಟು ಭಾಗಗಳೆಂದು ಇಟ್ಟುಕೊಳ್ಳಿ. ಹವ್ಯಾಸಿಯು ಪಲ್ಲವಿಯಿಂದ ಆರಂಭಿಸುತ್ತಾನೆ. ಎಲ್ಲಿಯೋ ಒಂದೆಡೆ ಬೆರಳು ತಪ್ಪುತ್ತದೆ. ತಪ್ಪಿದೊಡನೆ ಆತ ಏನು ಮಾಡುತ್ತಾನೆ? ತಪ್ಪಿದ ಸ್ಥಳದಲ್ಲಿ ನಿಂತು ಅದನ್ನು ಸರಿಪಡಿಸುವುದಿಲ್ಲ. ನಾಲಗೆ ಕಚ್ಚಿಕೊಂಡು ಮತ್ತೆ ಪಲ್ಲವಿಗೆ ಹಿಂದಿರುಗುತ್ತಾನೆ. ಒಂದೊಂದು ಭಾಗವನ್ನೂ ಅವನು ಐದರಲ್ಲಿ ನಾಲ್ಕು ಸಲ ತಪ್ಪಿಲ್ಲದೆ ದಾಟಬಲ್ಲನೆಂದು ಭಾವಿಸಿ. ಇದೇನೂ ಕಳಪೆಯ ಮಟ್ಟವಲ್ಲ. ಹಾಗಿದ್ದರೂ ನೂರು ಸಲ ಆರಂಭಿಸಿದಾಗ ಪಲ್ಲವಿಗೆ 100 ಸಲ ಅಭ್ಯಾಸ ಸಿಕ್ಕುತ್ತದೆ, ಅನುಪಲ್ಲವಿಗೆ 80, ಮುಕ್ತಾಯಿಸ್ವರಕ್ಕೆ 64, ಚರಣಕ್ಕೆ 51. ಮುಂದೆ ಕ್ರಮವಾಗಿ 41, 33, 26. ಕೊನೆಯ ಎತ್ತುಗಡೆ ಸ್ವರಕ್ಕೆ ದೊರೆಯುವುದು ಕೇವಲ 21. ವಿಕಿರಣಶೀಲ ಧಾತುಗಳ ಕ್ಷಯದ ನಿಯಮವನ್ನು ಓದಿದ ವಿದ್ಯಾರ್ಥಿಗಳು ಈ ಶ್ರೇಣಿಯನ್ನು ಕೂಡಲೇ ಗುರುತಿಸುವರು. ಸಮಾನ ಅಂತರಗಳಲ್ಲಿ ಸಮಾನ ಅಂಶ ನಷ್ಟವಾಗುತ್ತ ಹೋಗುವುದೇ ಅದರ ಲಕ್ಷಣ. ನಮ್ಮ ಹವ್ಯಾಸಿಯ ವರ್ಣದ ಅರ್ಧಾಯು ಸುಮಾರು ಮೂರು ಭಾಗಗಳು!

ವಾಸ್ತವದಲ್ಲಿ ಪರಿಸ್ಥಿತಿ ಇದಕ್ಕಿಂತಲೂ ಕೆಟ್ಟದು. ಹೆಚ್ಚು ಅಭ್ಯಾಸವಾದ ಪಲ್ಲವಿ ದಿನೇ ದಿನೇ ಹದಗೊಳ್ಳುತ್ತದೆ. ಅಭ್ಯಾಸವಿಲ್ಲದ ಬಾಲಭಾಗ ಹಾಗೆಯೇ ಉಳಿಯುತ್ತದೆ. ಹದವಾದದ್ದನ್ನು ನುಡಿಸುವುದರಲ್ಲಿ ಸುಖವಿದೆ. ಆದ್ದರಿಂದ ಅದನ್ನೇ ಮತ್ತೆ ನುಡಿಸುತ್ತೇವೆ. ನಾವು ಪಿಟೀಲು ಹಿಡಿದು ಆರು ವರ್ಷವಾದಾಗ ನಮ್ಮ ಮೇಷ್ಟರು ಒಂದು ದಿನ, “ಎಲ್ಲಿ, ಆ ವರ್ಣದ ಕಡೇ ಎತ್ತುಗಡೆ ಸ್ವರದಿಂದ ಶುರುಮಾಡಿ ನೋಡೋಣ” ಎಂದರು. ನಮಗೆ ಕಮಾನನ್ನು ಯಾವ ತಂತಿಯ ಮೇಲೆ ಇಡಬೇಕೆಂಬುದೇ ತೋಚಲಿಲ್ಲ. ಪಲ್ಲವಿಯಿಂದ ಓಡಿಬಂದರೆ ಹೇಗೋ ಆ ವೇಗದಲ್ಲಿ ದಾಟುತ್ತಿದ್ದೆವೇ ಹೊರತು ಆ ಭಾಗ ನಮಗೆ ಬಂದೇ ಇರಲಿಲ್ಲ. ಮೇಷ್ಟರು ಏನೂ ಅನ್ನಲಿಲ್ಲ. ತಾಂಬೂಲದ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡರು, ಅಷ್ಟೆ. ನಮ್ಮ ವಿದ್ಯಾರ್ಥಿ ಮಿತ್ರರು ಇದನ್ನು ಓದಿ ನಗಬೇಕಾಗಿಲ್ಲ. ಹಾಸ್ಟೆಲಿನ ಕೊಠಡಿಗಳಲ್ಲಿ ಸಂಜೆ ಕೇಳಿಬರುವ ಗಿಟಾರಿನ ಚಿತ್ರಗೀತೆಗಳನ್ನು ಗಮನಿಸಿರಿ. ಪಲ್ಲವಿ ಎಲ್ಲರಿಗೂ ಬರುತ್ತದೆ, ಎರಡನೆಯ ಚರಣ ಬರುವವನು ಒಬ್ಬನೂ ಸಿಕ್ಕುವುದು ಕಷ್ಟ.

ಇದೇ ಲೆಕ್ಕವನ್ನು ಇನ್ನೊಂದು ಕಡೆಯಿಂದ ನೋಡೋಣ. ಎಂಟು ಭಾಗಗಳೂ ಒಂದೇ ಓಟದಲ್ಲಿ ತಪ್ಪಿಲ್ಲದೆ ಸಾಗುವ ಸಂಭವವೆಷ್ಟು? ಒಂದೊಂದು ಭಾಗವೂ 100ರಲ್ಲಿ 80 ಸಲ ಸರಿಬರುವವನಿಗೆ ಇಡೀ ವರ್ಣ 100ರಲ್ಲಿ ಸುಮಾರು 17 ಸಲ ಮಾತ್ರ ಸರಿಬರುವುದು. ಇಡೀ ವರ್ಣ ಎರಡರಲ್ಲಿ ಒಂದು ಸಲವಾದರೂ ಸರಿಯಾಗಬೇಕಾದರೆ ಪ್ರತಿಯೊಂದು ಭಾಗವೂ 100ಕ್ಕೆ 92 ಸಲ ಸರಿಯಾಗಬೇಕು. ಹತ್ತರಲ್ಲಿ ಒಂಬತ್ತು ಸಲ ಸರಿಯಾಗಬೇಕೆಂದರೆ 100ಕ್ಕೆ 99 ಸಲ! ಮನೆಯಲ್ಲಿ ಒಬ್ಬರೇ ನುಡಿಸಿಕೊಳ್ಳುವಾಗ ನೂರಕ್ಕೆ ಎಂಬತ್ತು ಬಹು ತೃಪ್ತಿಕರವಾಗಿ ಕೇಳಿಸುತ್ತದೆ. ತಪ್ಪಿದರೆ ಇನ್ನೊಮ್ಮೆ ಆರಂಭಿಸಬಹುದಷ್ಟೆ. ಕೇಳುವವರ ಎದುರಿಗೆ ಆ ಇನ್ನೊಮ್ಮೆ ಎಂಬುದಿಲ್ಲ. ಎಂಬತ್ತರಿಂದ ತೊಂಬತ್ತೊಂಬತ್ತಕ್ಕೆ ಇರುವ ದಾರಿಯೇ ಸಂಗೀತಶಿಕ್ಷಣದ ಬಹುಭಾಗ. ಆ ದಾರಿಯಲ್ಲಿ ಹೆಜ್ಜೆಯಿಡಬೇಕಾದ ಅಗತ್ಯವೇ ಗಡುವಿಲ್ಲದವನಿಗೆ ಎಂದೂ ಒದಗುವುದಿಲ್ಲ. ಗಡುವು ಮಾಡುವ ಮೊದಲನೆಯ ಉಪಕಾರ ಇದು: ಹೆಚ್ಚು ಹೊತ್ತು ಅಭ್ಯಾಸಮಾಡಿಸುವುದಲ್ಲ, ಬೇರೆ ರೀತಿಯಲ್ಲಿ ಅಭ್ಯಾಸಮಾಡಿಸುವುದು.

ಇದು ನಮಗೆ ಅರಿವಾದದ್ದು ಎರಡು ಆರಾಧನೆಗಳಲ್ಲಿ. ತ್ಯಾಗರಾಜರ ಆರಾಧನೆ ಪುಷ್ಯ ಬಹುಳ ಪಂಚಮಿಯಂದು ನಡೆಯುವುದು ಸರಿಯಷ್ಟೆ. ತಿರುವೈಯಾರಿನಲ್ಲಿ ಮಾತ್ರವಲ್ಲದೆ ನಮ್ಮ ಊರುಗಳ ರಾಮಮಂದಿರಗಳಲ್ಲಿಯೂ ಸಂಗೀತಶಾಲೆಗಳಲ್ಲಿಯೂ ಅಂದು ನಾಟ, ಗೌಳ, ಆರಭಿ, ವರಾಳಿ, ಶ್ರೀ ಈ ಐದು ರಾಗಗಳ ಪಂಚರತ್ನ ಕೃತಿಗಳನ್ನು ಗೋಷ್ಠಿಯಾಗಿ ಹಾಡುತ್ತಾರೆ. ಈ ಗಡುವಿನ ಸೊಗಸೇನೆಂದರೆ ಅದನ್ನು ನಿಶ್ಚಯಿಸುವವನು ಚಂದ್ರ. ಹನ್ನೆರಡು ಚಾಂದ್ರಮಾಸಗಳಿಗೆ ಸುಮಾರು 354 ದಿನ. ಆದ್ದರಿಂದ ಪಂಚಮಿಯು ನಮ್ಮ ಕ್ಯಾಲೆಂಡರಿನಲ್ಲಿ ವರ್ಷವರ್ಷವೂ ಸುಮಾರು ಹನ್ನೊಂದು ದಿನ ಹಿಂದೆ ಸರಿಯುತ್ತದೆ, ಅಧಿಕಮಾಸ ಬಂದಾಗ ಮುಂದಕ್ಕೆ ಜಿಗಿಯುತ್ತದೆ. 2024ರಲ್ಲಿ ಅದು ಜನವರಿ 30ರಂದು ಬಂದಿತು. 2025ರಲ್ಲಿ ಜನವರಿ 18ರಂದು. ‘ಅಭ್ಯಾಸ ಸಾಲದು, ಇನ್ನೊಂದು ವಾರ ಮುಂದೂಡಿ’ ಎಂದು ಚಂದ್ರನಿಗೆ ಅರ್ಜಿ ಕೊಡಲು ಬರುವುದಿಲ್ಲ.

2024ರಲ್ಲಿ ನಾವು ನಮ್ಮ ಊರಿನ ಗೋಷ್ಠಿಯಲ್ಲಿ ಹಿಂದಿನ ಸಾಲಿನಲ್ಲಿ ಕುಳಿತು ಪಿಟೀಲು ನುಡಿಸಿದೆವು. ಗಡುವು ಇತ್ತು, ಕೇಳುವವರೂ ಇದ್ದರು. ಆದರೂ ನಮಗೆ ಅದರಿಂದ ಕಾಣುವಂಥ ಪ್ರಯೋಜನವೇನೂ ಆಗಲಿಲ್ಲ. ಕಾರಣ ಸರಳ. ಕಠಿಣವಾದ ಸಂಗತಿ ಬಂದಾಗ ಕಮಾನನ್ನು ತಂತಿಯಿಂದ ಕೂದಲೆಳೆಯಷ್ಟು ಮೇಲೆತ್ತಿ ಆಡಿಸುತ್ತಿದ್ದೆವು. ಸುಲಭವಾದ ಭಾಗ ಬಂದೊಡನೆ ಮತ್ತೆ ಒತ್ತುತ್ತಿದ್ದೆವು. ಗುಂಪಿನಲ್ಲಿ ಗೋವಿಂದ! ಭಕ್ತಿಗೆ ಗೋಷ್ಠಿ ಒಳ್ಳೆಯದು, ಸ್ನೇಹಕ್ಕೂ ಒಳ್ಳೆಯದು. ಆದರೆ ತನ್ನ ತಪ್ಪು ತನ್ನದೆಂದು ಕೇಳಿಸದೆಹೋದರೆ ಗಡುವಿದ್ದೂ ಇಲ್ಲದಂತೆ.

ಮರುವರ್ಷದ ಆರಾಧನೆಗೆ ಎಪ್ಪತ್ತು ದಿನಗಳಿರುವಾಗ ಮಂದಿರದ ಹಿರಿಯರೊಬ್ಬರು ನಮ್ಮ ಕಾಲೇಜಿನ ಮೂವರಿಗೆ ಬೆಳಗಿನ ಹೊತ್ತು ಇಪ್ಪತ್ತು ನಿಮಿಷ ಕೊಡುವುದಾಗಿ ಹೇಳಿದರು. ಹಾಡುವವರು ನಮ್ಮ ಗ್ರಂಥಪಾಲಕಿ, ಮೃದಂಗಕ್ಕೆ ರಸಾಯನಶಾಸ್ತ್ರ ಪ್ರಯೋಗಶಾಲೆಯ ಸಹಾಯಕರು, ಪಿಟೀಲಿಗೆ ನಾವು. ಒಂದು ವರ್ಣ, ಎರಡು ಕೃತಿ. ಮೂವರೇ ಇರುವಲ್ಲಿ ಗೋವಿಂದನೂ ಕಾಪಾಡಲಾರ. ಅದುವರೆಗೆ ನಾವು ಮೂವರೂ ಎರಡು ವರ್ಷ ಪ್ರತಿ ಭಾನುವಾರ ಸೇರುತ್ತಿದ್ದೆವು, ಕಾಫಿ ಕುಡಿಯುತ್ತಿದ್ದೆವು, ಏನಾದರೊಂದನ್ನು ಆರಂಭಿಸುತ್ತಿದ್ದೆವು. ಮುಗಿಸಿದ್ದು ಕಡಮೆ. ದಿನ ಗೊತ್ತಾದ ಸಂಜೆಯೇ ಕೆಲಸದ ಸ್ವರೂಪ ಬದಲಾಯಿತು. ವರ್ಣವನ್ನು ಕೊನೆಯಿಂದ ಕಟ್ಟತೊಡಗಿದೆವು. ಮೊದಲು ಎಂಟನೆಯ ಭಾಗ, ಅದು ಬಂದಮೇಲೆ ಏಳು ಮತ್ತು ಎಂಟು, ಆಮೇಲೆ ಆರು, ಏಳು, ಎಂಟು. ಹೀಗೆ ಮಾಡಿದರೆ ಮೇಲೆ ಹೇಳಿದ ಶ್ರೇಣಿ ತಲೆಕೆಳಗಾಗಿ, ಅಭ್ಯಾಸದ ಹೆಚ್ಚಿನ ಪಾಲು ಬಾಲಭಾಗಕ್ಕೆ ದೊರೆಯುತ್ತದೆ. ನುಡಿಸುತ್ತ ಹೋದಂತೆ ಗೊತ್ತಿಲ್ಲದ ಕತ್ತಲೆಗೆ ಹೋಗುವ ಬದಲು ಗೊತ್ತಿರುವ ಮನೆಗೆ ಬಂದಂತಾಗುತ್ತದೆ.

ಎರಡನೆಯದಾಗಿ, ಮೊಬೈಲಿನಲ್ಲಿ ನಮ್ಮ ನುಡಿಕೆಯನ್ನು ಧ್ವನಿಮುದ್ರಿಸಿ ಕೇಳಿದೆವು. ಮೊದಲ ಸಲ ಕೇಳಿದಾಗ ಆದ ಸಂಕಟವನ್ನು ವರ್ಣಿಸುವುದು ಬೇಡ. ತಾಳವನ್ನು ನಿಮಿಷಕ್ಕೆ 60 ಎಣಿಕೆಯಲ್ಲಿ ಹಿಡಿದು ಹೊರಟಿದ್ದೆವು. ಮುಗಿಯುವ ವೇಳೆಗೆ ಅದು 74ಕ್ಕೆ ಏರಿತ್ತು. ನುಡಿಸುವಾಗ ಮೂವರಲ್ಲಿ ಒಬ್ಬರಿಗೂ ಅದು ತಿಳಿದಿರಲಿಲ್ಲ. ಧ್ವನಿಮುದ್ರಿಸುವ ಸಲಕರಣೆ ಅದಕ್ಕೆ ಎಷ್ಟೋ ವರ್ಷ ಮೊದಲಿನಿಂದಲೂ ನಮ್ಮ ಜೇಬಿನಲ್ಲಿಯೇ ಇತ್ತು. ಅಳೆಯಬೇಕೆಂಬ ಮನಸ್ಸು ಬಂದದ್ದು ಗಡುವು ಬಂದ ಮೇಲೆ. ಪ್ರಯೋಗಶಾಲೆಯಲ್ಲಿ ದಿನವೂ ವಿದ್ಯಾರ್ಥಿಗಳಿಗೆ ‘ಅಳೆಯದೆ ಹೇಳಬೇಡಿ’ ಎಂದು ಬೋಧಿಸುವವರು ಮನೆಯಲ್ಲಿ ಹೀಗಿದ್ದೆವು.

ಜನವರಿ 18ರ ಬೆಳಗ್ಗೆ ಏನಾಯಿತು? ವೇದಿಕೆಯೆಂದು ಕರೆಯಬಹುದಾದ ಜಮಖಾನದ ಮೇಲೆ ಕುಳಿತೊಡನೆ ಬಲಗೈ ನಡುಗಿತು. ಇದು ಏಕೆ ಪಿಟೀಲಿನವನಿಗೆ ಇಷ್ಟು ಅಪಾಯಕರವೆಂಬುದನ್ನು ಹೇಳಬೇಕು; ಭೌತಶಾಸ್ತ್ರದವರಿಗೆ ಇಲ್ಲಿ ಮಾತನಾಡದೆ ಇರುವುದು ಕಷ್ಟ. ಕಮಾನಿನ ಕೂದಲು ತಂತಿಯನ್ನು ಹಿಡಿದು ಸ್ವಲ್ಪ ದೂರ ಎಳೆದೊಯ್ಯುತ್ತದೆ, ತಂತಿ ಜಾರಿ ಹಿಂದಿರುಗುತ್ತದೆ, ಮತ್ತೆ ಕೂದಲು ಹಿಡಿಯುತ್ತದೆ. ಸೆಕೆಂಡಿಗೆ 440 ಕಂಪನಗಳ ಸ್ವರವಾದರೆ ಈ ಹಿಡಿತ ಮತ್ತು ಜಾರುವಿಕೆ ಸೆಕೆಂಡಿಗೆ 440 ಸಲ ನಡೆಯಬೇಕು. ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಹತ್ತೊಂಬತ್ತನೆಯ ಶತಮಾನದಲ್ಲಿ ಕಂಡುಕೊಂಡ ಈ ಚಲನೆಯ ಯಂತ್ರಶಾಸ್ತ್ರವನ್ನು ಕಲ್ಕತ್ತೆಯಲ್ಲಿದ್ದಾಗ ಸಿ. ವಿ. ರಾಮನ್ ವಿವರವಾಗಿ ಶೋಧಿಸಿ 1918ರಲ್ಲಿ ಪ್ರಕಟಿಸಿದರು. ಮನುಷ್ಯನ ಕೈಯ ಅಸ್ಥಿರತೆಯನ್ನು ನಿವಾರಿಸಲು ಅವರು ಯಂತ್ರವೊಂದನ್ನೇ ಕಟ್ಟಿದರು; ಅದರಲ್ಲಿ ಕಮಾನು ಸ್ಥಿರವಾಗಿದ್ದು ಪಿಟೀಲೇ ಹಿಂದಕ್ಕೂ ಮುಂದಕ್ಕೂ ಚಲಿಸುತ್ತಿತ್ತು. ಕಮಾನಿನ ಒತ್ತಡ ಒಂದು ಕನಿಷ್ಠ ಮಿತಿಗಿಂತ ಕಡಮೆಯಾದರೆ ತಂತಿಯ ಮೇಲಿನ ಹಿಡಿತ ಮಧ್ಯದಲ್ಲಿಯೇ ತಪ್ಪಿ ನಾದ ಒಡೆಯುತ್ತದೆ. ಒಂದು ಗರಿಷ್ಠ ಮಿತಿಯನ್ನು ಮೀರಿದರೆ ಕಿರುಗುಟ್ಟುತ್ತದೆ. ಕಮಾನು ಕುದುರೆಯ ಸಮೀಪಕ್ಕೆ ಹೋದಂತೆ ಈ ಎರಡು ಮಿತಿಗಳ ನಡುವಣ ಅವಕಾಶ ಕಿರಿದಾಗುತ್ತದೆ. ಮನುಷ್ಯನ ಕೈ ಸ್ವಭಾವತಃ ಸೆಕೆಂಡಿಗೆ ಎಂಟರಿಂದ ಹನ್ನೆರಡು ಸಲ ಸೂಕ್ಷ್ಮವಾಗಿ ಕಂಪಿಸುತ್ತಲೇ ಇರುತ್ತದೆ. ಭಯದಲ್ಲಿ ರಕ್ತಕ್ಕೆ ಸೇರುವ ಅಡ್ರಿನಲಿನ್ ಈ ಕಂಪನವನ್ನು ಹಿಗ್ಗಿಸುತ್ತದೆ. ಅಂದರೆ ಸೆಕೆಂಡಿಗೆ ಸುಮಾರು ಹತ್ತು ಸಲ ನಮ್ಮ ಕಮಾನು ಕನಿಷ್ಠ ಮಿತಿಯ ಕೆಳಗೆ ಇಳಿಯುತ್ತಿತ್ತು! ಮೊದಲ ಎರಡು ಆವರ್ತಗಳಲ್ಲಿ ಹೊರಟದ್ದು ಪಿಟೀಲಿನ ನಾದವಲ್ಲ, ಮೇಕೆಯ ದನಿ.

ಮೂರನೆಯ ಆವರ್ತದಿಂದ ಕೈ ಹತೋಟಿಗೆ ಬಂದಿತು. ವರ್ಣ ಕೊನೆಯವರೆಗೆ ಸಾಗಿತು. ಎರಡನೆಯ ಕೃತಿಯ ಅನುಪಲ್ಲವಿಯಲ್ಲಿ ಒಂದು ಸಂಗತಿ ಪೂರ್ತಿಯಾಗಿ ಮರೆತುಹೋಗಿ ಗಾಯಕಿಯ ಬೆನ್ನುಹತ್ತಿ ಹೇಗೋ ಸೇರಿಕೊಂಡೆವು. ಪ್ರಯೋಗದ ಟಿಪ್ಪಣಿಯಲ್ಲಿ ಬರೆಯಬೇಕಾದ ಮಾತೆಂದರೆ, ಚೆನ್ನಾಗಿ ಕಲಿತಿದ್ದ ವರ್ಣವು ಮನೆಯಲ್ಲಿ ನುಡಿಸಿದ್ದಕ್ಕಿಂತ ಚೆನ್ನಾಗಿ ಬಂದಿತು. ಅರ್ಧಂಬರ್ಧ ಕಲಿತಿದ್ದ ಸಂಗತಿ ಮನೆಯಲ್ಲಿ ನುಡಿಸಿದ್ದಕ್ಕಿಂತ ಕೆಟ್ಟದಾಗಿ ಬಂದಿತು.

ಇದು ಆಕಸ್ಮಿಕವಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಝಯೊಂಕ್ 1965ರಲ್ಲಿ ಇದನ್ನೇ ಸಾಮಾನ್ಯ ತತ್ತ್ವವಾಗಿ ಮಂಡಿಸಿದ: ಇತರರ ಸಾನ್ನಿಧ್ಯದಲ್ಲಿ, ಮೈಗೂಡಿದ ಕೆಲಸ ಉತ್ತಮಗೊಳ್ಳುತ್ತದೆ, ಮೈಗೂಡದ ಕೆಲಸ ಕೆಡುತ್ತದೆ. 1969ರಲ್ಲಿ ಅವನೂ ಅವನ ಸಹೋದ್ಯೋಗಿಗಳೂ ಇದನ್ನು ಜಿರಳೆಗಳ ಮೇಲೆ ಪ್ರಯೋಗಿಸಿ ನೋಡಿದರು. ಬೆಳಕಿನಿಂದ ಕತ್ತಲೆಗೆ ಓಡುವ ನೇರವಾದ ದಾರಿಯಲ್ಲಿ, ಇತರ ಜಿರಳೆಗಳು ನೋಡುತ್ತಿದ್ದಾಗ ಜಿರಳೆ ಹೆಚ್ಚು ವೇಗವಾಗಿ ಓಡಿತು. ತಿರುವಿದ್ದ ದಾರಿಯಲ್ಲಿ, ಪ್ರೇಕ್ಷಕರಿದ್ದಾಗ ಹೆಚ್ಚು ತಡಮಾಡಿತು. ಪಿಟೀಲಿನವನನ್ನು ಜಿರಳೆಗೆ ಹೋಲಿಸಿದ್ದಕ್ಕೆ ಸಂಗೀತಪ್ರಿಯರು ಕ್ಷಮಿಸಬೇಕು. ನಮಗೆ ಇದರಿಂದ ದೊರೆತ ಪಾಠ ಬೆಲೆಯುಳ್ಳದ್ದು. ಕೇಳುವವರ ಎದುರು ಕುಳಿತ ಇಪ್ಪತ್ತು ನಿಮಿಷ ಒಂದು ಮಾಪನ; ಯಾವುದು ಕಲಿತಿದೆ, ಯಾವುದು ಕಲಿತಿಲ್ಲ ಎಂಬುದನ್ನು ಅದು ಬೇರ್ಪಡಿಸಿ ತೋರಿಸುತ್ತದೆ. ನಮ್ಮ ಹಳೆಯ ಪದ್ಧತಿಯಲ್ಲಿ ‘ಪಾಠ ಒಪ್ಪಿಸುವುದು’ ಎಂದಿತ್ತಲ್ಲ, ಅದರ ಬೆಲೆಯೂ ಇಲ್ಲಿಯೇ ಇದೆ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕ್ ಎಂಬವರು ವಿದ್ಯಾರ್ಥಿಗಳಿಗೆ ಗದ್ಯಭಾಗಗಳನ್ನು ಕೊಟ್ಟು, ಕೆಲವರಿಗೆ ಮತ್ತೆ ಮತ್ತೆ ಓದಿಸಿದರು; ಕೆಲವರಿಗೆ ಓದಿದ್ದನ್ನು ನೆನೆದು ಬರೆಯಹೇಳಿದರು. ಐದು ನಿಮಿಷದ ಅನಂತರ ಓದಿದವರೇ ಮುಂದಿದ್ದರು. ಒಂದು ವಾರದ ಅನಂತರ ನೋಡಿದರೆ ಒಪ್ಪಿಸಿದವರಿಗೇ ಹೆಚ್ಚು ನೆನಪಿತ್ತು. ಗದ್ಯಕ್ಕೆ ನಿಜವಾದದ್ದು ಸಂಗೀತಕ್ಕೂ ಹಾಗೆಯೇ ಅನ್ವಯಿಸುತ್ತದೆಂದು ನಾವು ಪ್ರತಿಜ್ಞೆಮಾಡಲಾರೆವು. ಆದರೆ ನಮ್ಮ ಅನುಭವ ಅದಕ್ಕೆ ವಿರುದ್ಧವಾಗಿಲ್ಲ.

ಇಲ್ಲಿ ವಿದ್ಯಾರ್ಥಿಗಳು ಒಂದು ಆಕ್ಷೇಪವನ್ನು ಎತ್ತಬಹುದು. ಕಾಲೇಜಿನ ವಾರ್ಷಿಕೋತ್ಸವಕ್ಕೂ ಗಡುವಿದೆಯಲ್ಲ, ಅದರಿಂದ ನಮ್ಮ ವಾದ್ಯಗೋಷ್ಠಿ ಏಕೆ ಸುಧಾರಿಸಲಿಲ್ಲ? ಎರಡು ತಿಂಗಳ ಮೊದಲೇ ದಿನ ತಿಳಿದಿರುತ್ತದೆ. ಅಭ್ಯಾಸ ನಡೆಯುವುದು ಕೊನೆಯ ಮೂರು ರಾತ್ರಿ, ಅದೂ ನಿದ್ದೆಗೆಟ್ಟು. ಈ ರೋಗ ಗಡುವಿನದಲ್ಲ, ಗಡುವು ಒಂದೇ ಇದ್ದುದರದು. ಕೈಬೆರಳುಗಳ ಕೌಶಲ ನಾವು ಕುಳಿತು ನುಡಿಸುವ ವೇಳೆಯಲ್ಲಿ ಮಾತ್ರ ಬೆಳೆಯುವುದಿಲ್ಲ. 2002ರಲ್ಲಿ ವಾಕರ್ ಮತ್ತು ಸಂಗಡಿಗರು ಬೆರಳುಗಳಿಂದ ಗುಂಡಿಗಳನ್ನು ಒಂದು ಕ್ರಮದಲ್ಲಿ ಒತ್ತುವುದನ್ನು ಜನರಿಗೆ ಕಲಿಸಿ ಪರೀಕ್ಷಿಸಿದಾಗ, ಹಗಲೆಲ್ಲ ಎಚ್ಚರವಾಗಿದ್ದವರಲ್ಲಿ ಹೇಳಿಕೊಳ್ಳುವಂಥ ಪ್ರಗತಿ ಕಾಣಲಿಲ್ಲ. ಒಂದು ರಾತ್ರಿ ನಿದ್ದೆಮಾಡಿ ಎದ್ದವರ ವೇಗ ಸುಮಾರು ಶೇಕಡ 20ರಷ್ಟು ಹೆಚ್ಚಿತ್ತು. ಈ ಹೆಚ್ಚಳದ ಪ್ರಮಾಣವನ್ನು ಕುರಿತು ಆಮೇಲೆ ವಿದ್ವಾಂಸರಲ್ಲಿ ಚರ್ಚೆ ನಡೆದಿದೆ. ಆದರೂ ಎಪ್ಪತ್ತು ದಿನಗಳ ಗಡುವಿನಲ್ಲಿ ಎಪ್ಪತ್ತು ರಾತ್ರಿಗಳಿವೆ ಎಂಬುದನ್ನೂ, ಮೂರು ದಿನಗಳ ಗಡುವಿನಲ್ಲಿ ಮೂರೇ ರಾತ್ರಿಗಳಿವೆ ಎಂಬುದನ್ನೂ ಯಾರೂ ಅಲ್ಲಗಳೆಯಲಾರರು.

ಆದಕಾರಣ ದೊಡ್ಡ ಗಡುವಿನೊಳಗೆ ಸಣ್ಣ ಗಡುವುಗಳು ಬೇಕು. ಅದೇ 2002ರಲ್ಲಿ ಅಮೆರಿಕದಲ್ಲಿ ಏರಿಯೆಲಿ ಮತ್ತು ವರ್ಟನ್‌ಬ್ರಾಕ್ ಎಂಬವರು ಅರುವತ್ತು ವಿದ್ಯಾರ್ಥಿಗಳಿಗೆ ಮೂರು ಬರಹಗಳ ತಪ್ಪು ತಿದ್ದುವ ಕೆಲಸ ಕೊಟ್ಟು, ಕೆಲವರಿಗೆ ವಾರಕ್ಕೊಂದು ಗಡುವು ಹಾಕಿದರು, ಕೆಲವರಿಗೆ ಮೂರು ವಾರಗಳ ಕೊನೆಯಲ್ಲಿ ಒಂದೇ ಗಡುವು, ಉಳಿದವರು ತಾವೇ ನಿಶ್ಚಯಿಸಿಕೊಳ್ಳಬಹುದು. ಹೆಚ್ಚು ತಪ್ಪುಗಳನ್ನು ಹಿಡಿದವರು ವಾರಕ್ಕೊಂದು ಗಡುವಿನವರು. ಕೊನೆಯ ಗಡುವಿನವರು ಎಲ್ಲರಿಗಿಂತ ಹಿಂದೆ. ತಾವೇ ನಿಶ್ಚಯಿಸಿಕೊಂಡವರು ಇವೆರಡರ ನಡುವೆ. ಇದು ಒಂದು ಪ್ರಯೋಗ, ಅದೂ ಸಂಗೀತದ್ದಲ್ಲ. ಇದನ್ನೇ ವೇದವಾಕ್ಯವೆಂದು ಹಿಡಿಯಬಾರದು. ನಾವು ಮಾಡಿದ್ದಿಷ್ಟು: ಪ್ರತಿ ಭಾನುವಾರ ಮೂವರಲ್ಲಿ ಒಬ್ಬರ ಮನೆಯಲ್ಲಿ, ಆ ಮನೆಯವರನ್ನು ಕೂರಿಸಿಕೊಂಡು, ಆ ವಾರದ ಭಾಗವನ್ನು ನಿಲ್ಲಿಸದೆ ನುಡಿಸುವುದು. ಗ್ರಂಥಪಾಲಕಿಯವರ ಅತ್ತೆಯವರು ನಮ್ಮ ಅತಿ ಕಟುವಾದ ಪರೀಕ್ಷಕರಾಗಿದ್ದರು. ಅವರಿಗೆ ಸ್ವರಜ್ಞಾನವಿರಲಿಲ್ಲ, ಆದರೆ ನಾವು ಎಲ್ಲಿ ಹೆದರಿದೆವೆಂಬುದು ಅವರಿಗೆ ತಪ್ಪದೆ ಗೊತ್ತಾಗುತ್ತಿತ್ತು.

ಇನ್ನು ಗಂಭೀರವಾದ ಆಕ್ಷೇಪ. ಹವ್ಯಾಸವೆಂಬುದು ಸಂತೋಷಕ್ಕಾಗಿ, ಹೊಟ್ಟೆಪಾಡಿನ ಜಗತ್ತಿನಲ್ಲಿ ದಿನವೆಲ್ಲ ಗಡುವಿನ ಕೆಳಗೆ ಬೆನ್ನು ಬಗ್ಗಿಸುವ ಮನುಷ್ಯನಿಗೆ ಸಂಜೆಯ ಅರ್ಧ ಗಂಟೆಯಾದರೂ ಅದರಿಂದ ಬಿಡುಗಡೆ ಬೇಡವೆ? ಈ ಮಾತಿಗೆ ನಮ್ಮ ಗೌರವವಿದೆ. ಸುಧಾರಿಸಬೇಕೆಂಬ ಆಸೆಯೇ ಇಲ್ಲದೆ, ಬಂದ ಎರಡು ದೇವರನಾಮಗಳನ್ನು ಮುಸ್ಸಂಜೆಯಲ್ಲಿ ಗುನುಗಿಕೊಂಡು ತೃಪ್ತರಾಗಿರುವವರಿಗೆ ನಾವು ಹೇಳಬೇಕಾದದ್ದು ಏನೂ ಇಲ್ಲ. ಅವರು ನಮಗಿಂತ ಸುಖಿಗಳು. ಆದರೆ ‘ಇನ್ನೂ ಪಕ್ವವಾಗಬೇಕು’ ಎಂದು ನಿಟ್ಟುಸಿರುಬಿಡುವವರು ಆ ವರ್ಗದವರಲ್ಲ. ಅವರ ಸಂತೋಷದಲ್ಲಿ ಒಂದು ಮುಳ್ಳು ಇದ್ದೇ ಇದೆ.

ಗಡುವುಗಳಲ್ಲಿಯೂ ಒಳ್ಳೆಯವು ಕೆಟ್ಟವು ಉಂಟು. ಜೂನಿಯರ್, ಸೀನಿಯರ್, ವಿದ್ವತ್ ಎಂಬ ಪರೀಕ್ಷೆಗಳು ನಮ್ಮ ರಾಜ್ಯದಲ್ಲಿ ಎಷ್ಟೋ ಮಕ್ಕಳನ್ನು ವರ್ಣದ ಕೊನೆಯವರೆಗೆ ತಲಪಿಸಿವೆ. ಅದನ್ನು ಮರೆಯುವುದು ಕೃತಘ್ನತೆ. ಆದರೂ ಅಂಕಗಳ ಗಡುವಿನ ಬಗೆಗೆ ನಮಗೆ ಸಂಶಯವಿದೆ. ಪರೀಕ್ಷೆ ಮುಗಿದ ಮರುದಿನ ತಂಬೂರಿಗೆ ಗವಸು ಹಾಕಿ ಅಟ್ಟಕ್ಕೇರಿಸಿದ ಹುಡುಗಿಯರನ್ನು ನಾವು ಬಲ್ಲೆವು. ಅಂಕ ಬಂದಮೇಲೆ ಕೃತಿಯಿಂದ ಬೇರೇನೂ ಬರಬೇಕಾಗಿಲ್ಲ ಎಂದು ಮನಸ್ಸು ತಿಳಿಯುತ್ತದೆ. ಕೇಳುವವರಿರುವ ಗಡುವಿನಲ್ಲಿ ಹಾಗಾಗುವುದಿಲ್ಲ, “ಮುಂದಿನ ಸಲ ಏನು ಹಾಡುತ್ತೀರಿ?” ಎಂದು ಅವರೇ ಕೇಳುತ್ತಾರೆ. ಹದಿನೈದು ನಿಮಿಷದ ಅವಕಾಶ, ಆರರಿಂದ ಹತ್ತು ವಾರಗಳ ದೂರ, ತಾನಾಗಿ ರದ್ದುಮಾಡಲಾಗದಂತೆ ಇನ್ನೊಬ್ಬರಿಗೆ ಕೊಟ್ಟ ಮಾತು, ಇಷ್ಟಿದ್ದರೆ ಸಾಕು. ಕೇಳುವವರು ನಾಲ್ಕು ಮಂದಿಯಾದರೂ ಆದೀತು. ಹೆದರಿಕೆ ಹೆಚ್ಚಾಗಿರುವವರಿಗೆ ನಾಲ್ಕೇ ಮಂದಿ ಇರುವುದು ಲೇಸು. 1908ರಲ್ಲಿ ಯರ್ಕ್ಸ್ ಮತ್ತು ಡಾಡ್‌ಸನ್ ಎಂಬವರು ಇಲಿಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿಯೇ, ಕಠಿಣವಾದ ಕಲಿಕೆಗೆ ತೀಕ್ಷ್ಣವಾದ ಪ್ರಚೋದನೆಗಿಂತ ಮಿತವಾದ ಪ್ರಚೋದನೆ ಉತ್ತಮವೆಂದು ಕಂಡುಬಂದಿತ್ತು.

ಇಷ್ಟನ್ನು ಬರೆಯಲು ನಮ್ಮನ್ನು ಪ್ರೇರಿಸಿದವರು ನಮ್ಮ ಕಾಲೇಜಿನ ಗಣಿತದ ಮೇಷ್ಟರು. ನಮಗಿಂತ ಇಪ್ಪತ್ತೈದು ವರ್ಷ ಹಿರಿಯರು. ಅಧ್ಯಾಪಕರ ಕೊಠಡಿಯಲ್ಲಿ ಯಾರೂ ಇಲ್ಲದಾಗ ಉತ್ತರಪತ್ರಿಕೆ ತಿದ್ದುತ್ತ ತಮ್ಮಷ್ಟಕ್ಕೆ ತೋಡಿಯನ್ನು ಹಾಡಿಕೊಳ್ಳುತ್ತಿದ್ದರು. ಬಾಗಿಲ ಹೊರಗೆ ನಿಂತು ನಾವು ಎಷ್ಟೋ ಸಲ ಕೇಳಿದ್ದೇವೆ. ಗಾಂಧಾರದ ಮೇಲೆ ಅವರು ತೂಗುತ್ತಿದ್ದ ರೀತಿ ನಮ್ಮ ಮೂವರಲ್ಲಿ ಯಾರಿಗೂ ಬರುವಂಥದ್ದಲ್ಲ. ಒಳಗೆ ಕಾಲಿಟ್ಟರೆ ಹಾಡು ನಿಂತುಹೋಗುತ್ತಿತ್ತು. 2024ರ ಆರಾಧನೆಗೆ ಕರೆದೆವು. “ಇನ್ನೂ ಸ್ವಲ್ಪ ಹದಕ್ಕೆ ಬರಲಿ ಕಣ್ರೀ” ಎಂದರು. 2025ರಲ್ಲಿ ನಮ್ಮ ಇಪ್ಪತ್ತು ನಿಮಿಷಗಳಲ್ಲಿ ಹತ್ತನ್ನು ಅವರಿಗಾಗಿ ತೆಗೆದಿಡುವುದಾಗಿ ಹೇಳಿದೆವು. “ನೀವು ನುಡಿಸಿ, ನಾನು ಮುಂದೆ ಕೂತು ಕೇಳ್ತೀನಿ” ಎಂದರು. ಹಾಗೆಯೇ ಬಂದು ಮೊದಲ ಸಾಲಿನಲ್ಲಿ ಕುಳಿತರು, ನಮ್ಮ ಕಮಾನು ನಡುಗಿದಾಗ ತಾವೇ ಗಟ್ಟಿಯಾಗಿ ತಾಳ ಹಾಕಿ ನಮ್ಮನ್ನು ದಡ ಸೇರಿಸಿದರು. ಆ ಮೇ ತಿಂಗಳಲ್ಲಿ ನಿವೃತ್ತರಾಗಿ ಮಗಳ ಊರಿಗೆ ಹೊರಟುಹೋದರು. ಬೀಳ್ಕೊಡುಗೆಯ ಸಮಾರಂಭದಲ್ಲಿ ಪ್ರಾಂಶುಪಾಲರಿಂದ ಹಿಡಿದು ಎಲ್ಲರೂ ಅವರ ಕಲನಶಾಸ್ತ್ರದ ಪಾಠಗಳನ್ನು ಹೊಗಳಿದರು. ಅವರು ಹಾಡುತ್ತಿದ್ದರೆಂಬುದು ಅಲ್ಲಿದ್ದವರಲ್ಲಿ ಹೆಚ್ಚಿನವರಿಗೆ ತಿಳಿದಿರಲೇ ಇಲ್ಲ.

ಮೊನ್ನೆ ನಾವು ಅವರಿಗೆ ದೂರವಾಣಿಯಲ್ಲಿ ಮಾತನಾಡಿ, ಮುಂದಿನ ಬಹುಳ ಪಂಚಮಿಯ ತಾರೀಖನ್ನು ಪಂಚಾಂಗ ನೋಡಿ ಹೇಳಿದೆವು. ಹತ್ತು ನಿಮಿಷ, ಒಂದೇ ಕೃತಿ, ಪಿಟೀಲು ಮೃದಂಗ ನಮ್ಮವು ಎಂದೂ ಹೇಳಿದೆವು. ಬಹಳ ಹೊತ್ತು ಸುಮ್ಮನಿದ್ದು, ಕೃತಿ ಯಾವುದಿರಬೇಕೆಂದು ಕೇಳಿದರು. ತೋಡಿ ಎಂದೆವು. “ನೋಡೋಣ” ಎಂದರು.